ತಿಗಣೆ ಮೂಸುವ ಮೈಕೆನ್ ಅವರಿಗೆ, ತಾವು ಕುಳಿತುಕೊಂಡ ವಿಚಾರವಾಗಿ

ತಿಗಣೆ ಪತ್ತೆಯ ಕಾರ್ಯದಲ್ಲಿ ಪರಿಣತರೂ ಕಂದು ಕಿವಿಯವರೂ ಆದ ಮಾನ್ಯ ಮೈಕೆನ್ ಅವರ ಸನ್ನಿಧಿಗೆ, ಸ್ಟಾಕ್‌ಹೋಮಿನ ಈ ಹಳದಿ ಕಟ್ಟಡದ ಮೂರನೆಯ ಮಹಡಿಯಿಂದ ಹೆನ್ನಿಂಗ್ ಮಾಡುವ ವಂದನೆಗಳು.

ಮಾನ್ಯರೇ, ತಾವು ನಾಯಿಯಾದ್ದರಿಂದ ತಮಗೆ ಓದು ಬಾರದೆಂಬುದನ್ನು ಬಲ್ಲೆ. ಆದ್ದರಿಂದಲೇ ಈ ಪತ್ರವನ್ನು ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಯ ಫಲಕಕ್ಕೆ ಅಂಟಿಸುತ್ತಿದ್ದೇನೆ. ಎದುರಿಗೆ ನಿಂತು ಹೇಳಲಾಗದ್ದನ್ನೆಲ್ಲ ನಾವು ಇಲ್ಲಿ ಅಂಟಿಸುತ್ತೇವೆ, ಹೆಸರು ಮಾತ್ರ ಹಾಕುವುದಿಲ್ಲ. ಹೆಸರು ಹಾಕಿದ ಚೀಟಿ ಬಹುಶಃ ಇದೇ ಮೊದಲನೆಯದು.

ಕಳೆದ ಮಂಗಳವಾರ ಬೆಳಿಗ್ಗೆ ತಾವು ತಮ್ಮ ಒಡತಿ ರಾಗ್ನಾ ಅವರೊಡನೆ, ಈ ಕಟ್ಟಡದಲ್ಲಿ ತಿಗಣೆಗಳು ಎಲ್ಲಿ ಅಡಗಿವೆ ಎಂದು ಹುಡುಕಲು ದಯಮಾಡಿಸಿದಿರಿ. ವಾಸನೆ ಸಿಕ್ಕಲ್ಲಿ ಕೂರುವುದು, ಸಿಗದಿದ್ದಲ್ಲಿ ಮುಂದೆ ನಡೆಯುವುದು ತಮ್ಮ ಪದ್ಧತಿಯಂತೆ. ಇಪ್ಪತ್ತೆಂಟು ಮನೆಗಳ ವಿದ್ಯಾವಂತರ ನಡುವೆ ಇಷ್ಟು ಸರಳವಾದ ಭಾಷೆಯನ್ನು ಬಳಸುವ ಮುನ್ನ ತಾವು ತುಸು ಯೋಚಿಸಬೇಕಿತ್ತು.

ಏಕೆಂದರೆ ತಿಗಣೆಗಳು ಎಲ್ಲಿವೆ ಎಂಬುದು ನಮ್ಮ ನಿವಾಸಿಗಳ ಸಂಘಕ್ಕೆ ತಾವು ಬರುವ ಮೊದಲೇ ಗೊತ್ತಿತ್ತು. ಅವು ನನ್ನ ಎದುರು ಬಾಗಿಲಿನ ತೂಲಿಕ್ಕಿಯ ಮನೆಯಲ್ಲಿದ್ದವು. ಆಕೆ ಆ ಮನೆಯ ಒಡತಿಯಲ್ಲ, ಒಳಬಾಡಿಗೆಯವಳು. ಆಕೆ ಇಲ್ಲಿರಬೇಕಾದರೆ ವರ್ಷಕ್ಕೊಮ್ಮೆ ಸಂಘ ಒಪ್ಪಬೇಕು, ಈ ವರ್ಷದ ತೀರ್ಮಾನ ಬರುವ ಗುರುವಾರ. ಸಾಲದ್ದಕ್ಕೆ ಇಪ್ಪತ್ತೆರಡು ವರ್ಷಗಳಿಂದ ಫಿನ್‌ಲ್ಯಾಂಡಿಗೆ ಹೋಗಿಬರುವ ಹಡಗಿನಲ್ಲಿ ಮಲಗುವ ಕೋಣೆಗಳನ್ನು ಅಣಿಗೊಳಿಸುವ ಕೆಲಸ. ತಾವು ಬರುವ ಮುನ್ನ ನಡೆದ ಸಂಘದ ಕಾಫಿ ಕೂಟದಲ್ಲಿ ನಮ್ಮ ಅಧ್ಯಕ್ಷ ಫೋಲ್ಕೆ ಅವರು ಬನ್ನಿನ ಮೇಲಿನ ಸಕ್ಕರೆ ಹರಳುಗಳನ್ನು ಒಂದೊಂದಾಗಿ ಕೀಳುತ್ತ ಆಕೆಗೆ ಹೇಳಿದ್ದು ಇಷ್ಟೇ: “ನಾನೇನೂ ಹೇಳ್ತಿಲ್ಲ ತೂಲಿಕ್ಕಿ. ದಿನಕ್ಕೆ ನಲವತ್ತು ಹಾಸಿಗೆ ಮುಟ್ಟೋರ ಜೊತೆ ಒಂದೆರಡು ಮನೆಗೂ ಬರ್ತವೇನೋ ಅಂತ, ಅಷ್ಟೇ.”

“ಅವನ್ನ ಹುಡುಕೋದೇ ನನ್ನ ಕೆಲ್ಸ ಫೋಲ್ಕೆ,” ಎಂದಳು ಆಕೆ. “ಹಾಸಿಗೆ ಅಂಚಿನ ಹೊಲಿಗೆ ನೋಡ್ಬೇಕು, ಮಂಚದ ಸ್ಕ್ರೂ ತೂತು ನೋಡ್ಬೇಕು, ಗೋಡೆಗೆ ತಗುಲಿಸಿರೋ ಪಟದ ಹಿಂದೆ, ಮೆತ್ತೆ ಕುರ್ಚಿ ಮಡಿಕೆ ಒಳಗೆ. ಪೆನ್ನಿನ ಮೊನೆ ಕುಟ್ಟಿದ ಹಾಗೆ ಕರೀ ಚುಕ್ಕೆ ಇರುತ್ತೆ. ಇಸ್ಪೀಟೆಲೆ ತೂರೋ ಅಷ್ಟು ಸಂದು ಸಿಕ್ರೆ ಸಾಕು, ಸಂಸಾರ ಹೂಡ್ತವೆ. ಬನ್ನಿ, ನಿಮ್ಮನೆಯಿಂದಲೇ ಶುರು ಮಾಡೋಣ.”

ಯಾರೂ ನಗಲಿಲ್ಲ. ಯಾರೋ ಬನ್ನಿನ ತಟ್ಟೆಯನ್ನು ಮುಂದಕ್ಕೆ ದಾಟಿಸಿದರು. ತಿಗಣೆಯ ವಾಸಸ್ಥಾನದ ಬಗ್ಗೆ ಆಕೆಗಿರುವ ಜ್ಞಾನವು ಸಹಜವಾದುದಲ್ಲ ಎಂದು ನಡಾವಳಿಯಲ್ಲಿ ಬರೆಯಲಾಯಿತು.

ಇನ್ನು ತಮ್ಮ ಅಪರಾಧಗಳಿಗೆ ಬರುತ್ತೇನೆ. ತೂಲಿಕ್ಕಿಯ ಎರಡೂ ಕೋಣೆಗಳನ್ನು ತಾವು ಮೂಸಿ, ಎಲ್ಲಿಯೂ ಕೂರದೆ, ಬಾಲ ಆಡಿಸುತ್ತ ಹೊರಬಂದಿರಿ. ಇಷ್ಟು ಚೊಕ್ಕಟವಾಗಿರುವ ಮನೆಯನ್ನು ಯಾವುದೋ ಕಾರಣಕ್ಕೇ ತೊಳೆದಿರಬೇಕೆಂದು ಅರ್ಥ ಮಾಡಿಕೊಳ್ಳುವ ತೊಂದರೆಯನ್ನು ಸಂಘಕ್ಕೆ ಕೊಟ್ಟಿರಿ. ಅಲ್ಲಿಂದ ನನ್ನ ಮನೆಗೆ ಬಂದು, ಮಂಚದ ತಲೆಯ ಬಳಿ ದೊಪ್ಪನೆ ಕುಳಿತುಬಿಟ್ಟಿರಿ. ಬೆಳಗಿನ ತಿಂಡಿಯ ಚೀಸ್ ತುಂಡೊಂದು ನನ್ನ ಕೈಯಲ್ಲಿತ್ತು. ಅದನ್ನು ತಮ್ಮ ಹಿಂದೆ ಬಂದಿದ್ದ ಸಂಘದವರಿಗೆಲ್ಲ ಕಾಣುವಂತೆ ಎತ್ತಿ ಹಿಡಿದು, “ಅಯ್ಯೋ, ಚೀಸ್ ಮೇಲೆ ಕಣ್ಣು ಇವಳಿಗೆ!” ಎಂದೆ. ಎಲ್ಲರೂ ನಕ್ಕರು.

“ಚೀಸಿಗೆಲ್ಲ ಕೂರೋಳಲ್ಲ ಇವಳು,” ಎಂದರು ರಾಗ್ನಾ.

“ಎಲ್ಲಾ ನಾಯಿನೂ ಕೂರುತ್ತೆ ಬಿಡಿ,” ಎಂದರು ಫೋಲ್ಕೆ.

ಕೊನೆಗೆ ಸಂಘದ ಕೋಣೆಯಲ್ಲಿ ತಾವು ಮಾಡಿದ್ದಂತೂ ಕ್ಷಮಾರ್ಹವಲ್ಲ. ಅಲ್ಲಿರುವ ಹಸಿರು ಮಖಮಲ್ಲಿನ ಕುರ್ಚಿ ಅಧ್ಯಕ್ಷರದು. ಬೇಡದ ಪೀಠೋಪಕರಣ ಎಸೆಯುವ ನೆಲಮಾಳಿಗೆಯ ಕೋಣೆಯಿಂದ ಚಳಿಗಾಲದ ಆರಂಭದಲ್ಲಿ ಅವರೇ ಅದನ್ನು ಹೊತ್ತು ತಂದರು. ಅಲ್ಲಿಂದ ಏನನ್ನೂ ಒಯ್ಯಬಾರದು ಎಂಬ ಫಲಕದ ಕೆಳಗಿರುವುದೂ ಅವರದೇ ಸಹಿ. ತಾವು ಆ ಕುರ್ಚಿಯ ಮುಂದೆ ಕುಳಿತಿರಿ. ಹಗ್ಗ ಎಳೆದರೂ ಏಳಲಿಲ್ಲ. ರಾಗ್ನಾ ಎರಡು ಕಡೆ ಸುಳಿವು ಸಿಕ್ಕಿದೆಯೆಂದು ವರದಿ ಕೊಟ್ಟರು. ಸಂಘವು ಅದನ್ನು ಗೌರವದಿಂದ ಪರಿಶೀಲಿಸಿ, “ಚೀಸಿನ ಚಪಲವುಳ್ಳ ನಾಯಿಯು ಎರಡು ಕಡೆ ವಿಶ್ರಮಿಸಿತು” ಎಂದು ದಾಖಲಿಸಿತು.

ಮಾನ್ಯರೇ, ಮುಂದಾದರೂ ತಾವು ಮನೆಯೊಳಗೆ ಮೂಗು ಇಡುವ ಮೊದಲು ಮನೆ ಯಾರದು, ಅವರು ಸಂಘದಲ್ಲಿ ಏನಾಗಿದ್ದಾರೆ ಎಂದು ವಿಚಾರಿಸಿಕೊಳ್ಳಬೇಕು. ಬಾಡಿಗೆಯವರ ಮನೆಯಲ್ಲಿ ವಾಸನೆ ಇರಲಿ ಬಿಡಲಿ, ಮರ್ಯಾದೆಗಾದರೂ ಒಂದು ಕ್ಷಣ ಕೂರಬೇಕು. ಕುರ್ಚಿಯಲ್ಲಿ ತಿಗಣೆ ಇದೆ ಎಂದು ಹೇಳುವ ತಮ್ಮ ಮೂಗು, ಆ ಕುರ್ಚಿಯನ್ನು ನೆಲಮಾಳಿಗೆಯಲ್ಲಿ ಇಟ್ಟು ಹೋದವರು ಯಾರು ಎಂಬುದನ್ನೂ ಹೇಳಲು ಕಲಿಯಬೇಕು.

ಈ ಕೊನೆಯದನ್ನು ತಾವು ಕಲಿಯುವವರೆಗೆ ನಾನೇ ಹೇಳಬೇಕಾಗಿದೆ. ಆ ಕುರ್ಚಿ ನನ್ನದು. ನವೆಂಬರ್‌ನಲ್ಲಿ ಅದರ ಮಡಿಕೆಯೊಳಗೆ ಕರಿ ಚುಕ್ಕೆಗಳ ಸಾಲು ಕಂಡೆ. ಯಾರಿಗೂ ತೊಂದರೆ ಕೊಡಬಾರದೆಂಬ ಸೌಜನ್ಯದಿಂದ ಯಾರಿಗೂ ಹೇಳದೆ, ಒಂದು ಭಾನುವಾರ ಅದನ್ನು ಕೆಳಗೆ ಒಯ್ದು ಇಟ್ಟೆ. ‘ತಿಗಣೆ ಇದೆ’ ಎಂದು ಚೀಟಿ ಬರೆದೆ. ಅಕ್ಷರ ಯಾರದೆಂದು ತಿಳಿದೀತೆಂದು ಹರಿದೆ. ತಿಗಣೆಗಳು ಮಾತ್ರ ನನ್ನಷ್ಟು ಸೌಜನ್ಯವಿಲ್ಲದವು; ಅರ್ಧಕ್ಕರ್ಧ ನನ್ನ ಮಂಚದಲ್ಲಿಯೇ ಉಳಿದುಕೊಂಡವು.

ಫೆಬ್ರವರಿಯಲ್ಲಿ ಮೆಟ್ಟಿಲ ಮೇಲೆ ತೂಲಿಕ್ಕಿ ನನ್ನ ಮಣಿಕಟ್ಟಿನ ಮೇಲಿನ ಕೆಂಪು ಗುಳ್ಳೆಗಳನ್ನು ನೋಡಿದಳು.

“ಏನದು ಹೆನ್ನಿಂಗ್, ಮೂರು ಸಾಲಾಗಿ?”

“ಸೊಳ್ಳೆ,” ಎಂದೆ.

ಆಕೆ ಕಿಟಕಿಯಾಚೆ ಬೀಳುತ್ತಿದ್ದ ಹಿಮವನ್ನು ಒಂದು ಗಳಿಗೆ ನೋಡಿದಳು. “ಹೂಂ. ಈ ವರ್ಷ ಬೇಗ ಬಂದಿವೆ,” ಎಂದು ಮೇಲೆ ಹೋದಳು.

ಕಾಫಿ ಕೂಟದಲ್ಲಿ ಆಕೆ ಇದೊಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ನಾನೂ ಆಡಲಿಲ್ಲ; ಆಕೆಯ ಮೌನ ಮತ್ತು ನನ್ನ ಮೌನ ಒಂದೇ ಜಾತಿಯವೆಂದು ನಾಲ್ಕು ವಾರ ನಂಬಿದ್ದೆ. ನಿನ್ನೆಯಿಂದ ಆಕೆಯ ಬಾಗಿಲ ಪಕ್ಕ ಖಾಲಿ ರಟ್ಟಿನ ಪೆಟ್ಟಿಗೆಗಳು ಮಡಚಿದಂತೆಯೇ ಒರಗಿವೆ. ಇನ್ನೂ ಒಂದನ್ನೂ ತುಂಬಿಲ್ಲ.

ಆದ್ದರಿಂದ ಗುರುವಾರ ಸಂಜೆ ಆರಕ್ಕೆ, ಸಭೆಗೆ ಮುನ್ನ, ತಾವು ಇನ್ನೊಮ್ಮೆ ದಯಮಾಡಿಸಬೇಕು. ರಾಗ್ನಾ ಅವರನ್ನು ನಾನೇ ಕರೆದಿದ್ದೇನೆ. ಎಲ್ಲರ ಎದುರು ನನ್ನ ಬಾಗಿಲು ತೆರೆದಿರುತ್ತದೆ, ಎರಡೂ ಕೈ ಖಾಲಿ ಇರುತ್ತವೆ. ತಾವು ಕೂರಬೇಕು.

ತಮ್ಮ ಮೂಗಿನ ವಿಶ್ವಾಸಿ, ತಮ್ಮ ವಿಶ್ವಾಸಕ್ಕೆ ಇನ್ನೂ ಅರ್ಹನಾಗದ,
ಹೆನ್ನಿಂಗ್
ಮೂರನೆಯ ಮಹಡಿ, ಎಡಗಡೆಯ ಬಾಗಿಲು

ಮರೆತ ಮಾತು: ಅಧ್ಯಕ್ಷರು ಈ ಹಾಳೆಯನ್ನು ಕಿತ್ತು ಹಾಕುವುದು ಸಹಜ. ಅವರ ಅನುಕೂಲಕ್ಕಾಗಿ ಇದರ ಇನ್ನೊಂದು ಪ್ರತಿಯನ್ನು ಹಸಿರು ಕುರ್ಚಿಯ ಎಡಬದಿಯ ಮಡಿಕೆಯಲ್ಲಿ, ಆದಷ್ಟು ಆಳಕ್ಕೆ, ಸಿಕ್ಕಿಸಿದ್ದೇನೆ. ಅಲ್ಲಿರುವುದು ಬರೀ ಚೀಸಿನ ವಾಸನೆಯಾದ್ದರಿಂದ ಅವರು ಮೊಣಕೈವರೆಗೆ ಕೈ ಹಾಕಿ ತೆಗೆದುಕೊಳ್ಳಬಹುದು. ಒಂದು ವೇಳೆ ಹಿಂಜರಿದರೆ, ಆ ಹಿಂಜರಿಕೆಯನ್ನು ತೂಲಿಕ್ಕಿಯ ಪರವಾದ ಸಾಕ್ಷಿಯೆಂದು ಗುರುವಾರದ ನಡಾವಳಿಯಲ್ಲಿ ದಾಖಲಿಸಬೇಕಾಗಿ ವಿನಂತಿ.