ಕಾಕಾ ಕೊಟ್ಟ ಹಡಗಿನ ನಾಣ್ಯ

ನಮ್ಮ ಕಾಕಾನಿಗೆ ಸ್ವಂತ ಅಕ್ಕನ ಮಕ್ಕಳ ಹೆಸರು ನೆನಪಿರುತ್ತಿರಲಿಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಯಾವ ಸೇನಾಪತಿ ಯಾರ ಮೇಲೆ ದಂಡೆತ್ತಿ ಹೋದ ಎಂಬುದು ಮಾತ್ರ ಬಾಯಿಪಾಠ! ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ತೂಕ ನೋಡುವವನಿಗೆ ಈ ಹುಚ್ಚು ಎಲ್ಲಿಂದ ಅಂಟಿತೋ? ಆ ಸೇನಾಪತಿಗಳು ಯುದ್ಧಕ್ಕೆ ಹೋದಲ್ಲೇ ಸೈನಿಕರ ಪಗಾರಕ್ಕೆಂದು ಹೊಡೆಸಿದ ಬೆಳ್ಳಿ ನಾಣ್ಯಗಳಿಗಾಗಿ ಕುಡಚಿಯ ಹಳೇ ಸಾಮಾನಿನ ಅಂಗಡಿ, ಕೊಲ್ಲಾಪುರದ ಗಲ್ಲಿ ಎಂದು ಅಲೆದದ್ದೇ ಅಲೆದದ್ದು. ಇಪ್ಪತ್ತು ವರ್ಷಕ್ಕೆ ಸಿಕ್ಕಿದ್ದು ನಾಲ್ಕೇ!

ಎಂಬತ್ತರ ದಶಕದ ಮಾತು. ಚಿಕ್ಕೋಡಿ ಬಸ್ಸಿನಲ್ಲಿ ಒಮ್ಮೆ ಆ ನಾಲ್ಕರಲ್ಲೊಂದು ಕಾಕಾನ ಚಿಲ್ಲರೆಯ ಜೊತೆ ಕಂಡಕ್ಟರನ ಕೈ ಸೇರಿತು.

"ಇದು ನಡ್ಯಾಂಗಿಲ್ರಿ."

"ಅಲ್ಲೋ, ಎರಡ ಸಾವಿರ ವರ್ಷ ನಡದದ್ದು ನಿನ್ನ ಬಸ್ಸಿನ್ಯಾಗ ಬಂದ ನಿಂತಿತೇನು?"

ಬಸ್ಸು ತುಂಬ ನಗು. ಪಕ್ಕದಲ್ಲಿದ್ದ ನಾನು, ಕಾಲೇಜು ಹುಡುಗಿ, ಇವನಾರೋ ನನಗೆ ಗೊತ್ತೇ ಇಲ್ಲ ಎಂಬಂತೆ ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಮುಂದೆ ನನ್ನನ್ನು ನೋಡಲು ಅಥಣಿಯಿಂದ ಗಂಡಿನವರು ಬಂದರು. ಅವಲಕ್ಕಿಯ ತಾಟು ಹಿಡಿದು ಹೊರಬಂದರೆ ಯಾರೂ ನನ್ನನ್ನು ನೋಡುತ್ತಿಲ್ಲ! ಕಾಕಾ ಗಂಡಿನ ತಂದೆಯ ಮುಖದ ಪಕ್ಕ ನಾಣ್ಯ ಹಿಡಿದಿದ್ದ.

"ಈ ಸೇನಾಪತಿ ಮೂಗ ಥೇಟ ನಿಮ್ದ ಐತಿ ನೋಡ್ರಿ!"

ಅವರು ಉಬ್ಬಿದರು. "ಭಾಳ ಶೂರ ಇದ್ದನೇನ್ರಿ?"

"ಇಲ್ರಿ. ಸೋತು ಓಡಿ ಹೋದ."

ಆದರೂ ಸಂಬಂಧ ಕೂಡಿತು. ಮದುವೆಗೆ ಕಾಕಾ ತನ್ನ ನಾಲ್ಕರಲ್ಲಿ ಎಲ್ಲಕ್ಕಿಂತ ಅಪರೂಪದ್ದನ್ನು, ಹಡಗಿನ ಚಿತ್ರವಿದ್ದದ್ದನ್ನು, ಕಡ್ಡಿಪೆಟ್ಟಿಗೆಯೊಳಗೆ ಹತ್ತಿಯ ಮೇಲೆ ಮಲಗಿಸಿ ನನಗೆ ಕೊಟ್ಟ. ಗಂಡನ ಮನೆಯ ಓರಗಿತ್ತಿಯರು, "ಏನಿದು, ಅಂಗಿ ಗುಂಡಿ ಏನ?" ಎಂದು ನಕ್ಕರು. ಒಂದು ವಾರವೂ ತಡೆಯಲಿಲ್ಲ ನಾನು. ಪತ್ತಾರರಿಗೆ ಕೊಟ್ಟು ಕರಗಿಸಿ ಕಾಲುಂಗುರ ಮಾಡಿಸಿಬಿಟ್ಟೆ.

ಎರಡು ತಿಂಗಳಿಗೆ ಕಾಕಾ ಬಂದ, ಕೈಯಲ್ಲಿ ಹೊಸ ಭೂತಗನ್ನಡಿ!

"ಆ ಹಡಗಿಗೆ ಹುಟ್ಟು ಎಷ್ಟದಾವ ಎಣಸೂದ ಉಳದೈತಿ. ತೊಗೊಂಡ ಬಾ."

ನಾನು ಸೀರೆಯ ನಿರಿಗೆ ಸರಿಸಿ ಪಾದ ತೋರಿಸಿದೆ. ಕಾಕಾ ಕಾಲುಂಗುರವನ್ನೂ ನನ್ನ ಮುಖವನ್ನೂ ನೋಡಿದ. ಭೂತಗನ್ನಡಿ ಮೆಲ್ಲಗೆ ಕಿಸೆಗೆ ಹೋಯಿತು.

"ತಪ್ಪಾತು ಕಾಕಾ. ನನಗ ನಾಚಿಕಿ ಆಗಿತ್ತ..."

ನಾಚಿಕೆಯಾದದ್ದು ನಾಣ್ಯದಿಂದಲ್ಲ, ನಿನ್ನಿಂದ ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೂ ಅವನಿಗೆ ತಿಳಿಯಿತು. ನಾನು ಅಳತೊಡಗಿದೆ.

ಕಾಕಾ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ನಾನು ಪಾದ ಹಿಂದಕ್ಕೆಳೆದುಕೊಂಡರೂ ಬಿಡದೆ, ಉಂಗುರವನ್ನು ಬೆರಳಿನಿಂದ ಹಗುರಾಗಿ ತಿರುಗಿಸಿ ನೋಡಿದ.

"ಬಿಗಿ ಆಗಿಲ್ಲಲಾ ಯವ್ವಾ? ಬೆರಳ ನೋಯಾಂಗಿಲ್ಲಲಾ?"