ಬೇವಿನ ಕಟ್ಟೆಯ ಮ್ಯಾನೇಜರು

ಆ ಬೆಳಿಗ್ಗೆ ಕೂಡ್ಲಿಗಿಯ ಮೇಲೆ ಮೋಡ ತೆಳ್ಳಗೆ ಹರಡಿತ್ತು. ಮಳೆ ತರುವ ಮೋಡವಲ್ಲ, ಬಿಸಿಲಿಗೆ ಒಂದಿಷ್ಟು ಹೊತ್ತು ಬಿಡುವು ಕೊಡಲು ಬಂದದ್ದು. ಹೊಸಹಳ್ಳಿ ರಸ್ತೆಯ ಬೀಜದ ಕಂಪನಿಯ ಅಂಗಳದಲ್ಲಿ ತಣ್ಣನೆಯ ಗಾಳಿ ಸುಳಿಯುತ್ತಿತ್ತು. ಬೇವಿನ ಮರದ ಕೆಳಗೆ, ಕಟ್ಟೆಯ ಮೇಲೆ ಕೂತ ದುರ್ಗಾದೇವಿಯ ಮುಂದೆ ಗೋದಾಮಿನ ಚೌಡಕ್ಕ ಹಚ್ಚಿಟ್ಟ ದೀಪ ಆ ಗಾಳಿಗೂ ಆರದೆ ನಿಂತಿತ್ತು. ಒಳಗೆ ಕಂಪ್ಯೂಟರಿನ ಮುಂದಿದ್ದ ಮೌನೇಶನ ಹಣೆ ಮಾತ್ರ ಬೆವರಿ ಒದ್ದೆಯಾಗಿತ್ತು.

ಬೆಂಗಳೂರಿನ ಹೆಡ್ಡಾಫೀಸಿನವರು ಹೊಸ ಸಾಫ್ಟ್‌ವೇರ್ ಕಳಿಸಿದ್ದರು. ಮ್ಯಾನೇಜರಾದವರು ತಮ್ಮ ಕೈಕೆಳಗಿನ ಒಬ್ಬೊಬ್ಬರನ್ನೇ ಕಾಲು ತಾಸು ಕೂರಿಸಿಕೊಂಡು ಮಾತಾಡಿಸಬೇಕು. ಆ ಸಂಜೆಯೊಳಗೆ ಎಲ್ಲರದೂ ಮುಗಿದಿರಬೇಕು. ಯಾರು, ಯಾರ ಜೊತೆ, ಎಷ್ಟು ಹೊತ್ತಿಗೆ ಎಂದು ಹೊಂದಿಸುವ ಕೆಲಸ ಮೌನೇಶನದು. ಇದನ್ನು ಸರಿಯಾಗಿ ಮಾಡಿದರೆ ಮೂರು ವರ್ಷದ ಟೆಂಪರರಿ ನೌಕರಿ ಕಾಯಂ ಆಗುವ ಮಾತಿತ್ತು. ಕಾಯಂ ಆದ ದಿನವೇ ತಮ್ಮ ಮಗಳು ಗೀತಮ್ಮನ ಜೊತೆ ಅವನ ನಿಶ್ಚಿತಾರ್ಥ ಎಂದು ಇಟ್ಟಿಗಿ ಊರಿನ ಮಾವನಾಗಲಿರುವವರು ಹೇಳಿ ಕೂತಿದ್ದರು.

ಮೌನೇಶ ಭಕ್ತ. ಹಾಳೆಯ ನೆತ್ತಿಯ ಮೇಲೆ ದೇವರ ಹೆಸರು ಬರೆಯದೆ ಅಂಗಡಿಯ ಸಾಮಾನಿನ ಚೀಟಿಯನ್ನೂ ಬರೆದವನಲ್ಲ. ಸಾಫ್ಟ್‌ವೇರ್‌ನಲ್ಲಿ ಮೊದಲ ಸಾಲು ಖಾಲಿ ಕಂಡದ್ದೇ ತಡ, ಕೈ ತಾನಾಗಿ ‘ದುರ್ಗಾದೇವಿ’ ಎಂದು ಒತ್ತಿಬಿಟ್ಟಿತ್ತು. ಎರಡನೆಯ ಸಾಲಿನಲ್ಲಿ ಮ್ಯಾನೇಜರ್ ಗಂಗಾಧರಪ್ಪನವರು, ಕೆಳಗೆ ಉಳಿದವರು. ಎಲ್ಲರಿಗಿಂತ ಮೇಲಿರುವವರೇ ಎಲ್ಲರ ಮ್ಯಾನೇಜರು ಎಂದು ಸಾಫ್ಟ್‌ವೇರ್ ತಿಳಿದುಕೊಂಡಿತು. ಅದರ ತಿಳಿವಳಿಕೆಯಲ್ಲಿ ತಪ್ಪೇನೂ ಇರಲಿಲ್ಲ.

ಗಂಗಾಧರಪ್ಪ ಪರದೆ ನೋಡಿ ಕನ್ನಡಕ ಒರೆಸಿಕೊಂಡರು.

“ಏನಲೇ ಇದು? ಹನ್ನೊಂದಕ್ಕ ಬೊಮ್ಮಯ್ಯನ ಕೂಡ ದುರ್ಗಾದೇವಿ. ಆಮ್ಯಾಲ ಗಾದೆಪ್ಪನ ಕೂಡ ದುರ್ಗಾದೇವಿ. ಸಂಜಿ ನಾಕಕ್ಕ ನನ್ನ ಕೂಡನೂ ದುರ್ಗಾದೇವಿ! ಯಾರೋ ಈಕಿ?”

ಮೌನೇಶ ಕಿಟಕಿಯ ಹೊರಗೆ ಕೈ ತೋರಿಸಿದ. “ಅಮ್ಮ ರೀ ಸಾಹೇಬ್ರ. ದೇವ್ರ ಹೆಸರು ಮ್ಯಾಲಿರ್ಲಿ ಅಂತ…”

“ತೆಗಿ ತೆಗಿ! ಮೊದ್ಲು ತೆಗಿ!”

ತೆಗೆಯಲು ಹೋದರೆ ಪರದೆಯ ಮೇಲೆ ಕೆಂಪು ಅಕ್ಷರ ಎದ್ದು ನಿಂತವು: ಮ್ಯಾನೇಜರ್ ಬದಲಾವಣೆಗೆ ಈಗಿನ ಮ್ಯಾನೇಜರ್ ದುರ್ಗಾದೇವಿಯವರ ಒಪ್ಪಿಗೆ ಬೇಕು. ಮೌನೇಶ ಹೆಡ್ಡಾಫೀಸಿಗೆ ಫೋನು ಹಚ್ಚಿದ.

“ಅವರ ಒಪ್ಪಿಗೆ ಇಲ್ದೆ ನಾವೂ ಏನೂ ಮಾಡೋಕಾಗಲ್ಲ. ಅವರು ಅಲ್ಲೇ ಇದ್ದಾರಲ್ವಾ? ಕೇಳಿ,” ಎಂದರು ಅತ್ತಲಿನ ಮೇಡಂ.

“ಇಲ್ಲೇ ಅದಾರ್ರಿ ಮೇಡಂ,” ಎಂದ ಮೌನೇಶ. ಅವನು ಸುಳ್ಳು ಹೇಳುವವನಲ್ಲ.

ಅಷ್ಟರಲ್ಲಿ ಸುದ್ದಿ ಗೋದಾಮಿಗೆ ಮುಟ್ಟಿತ್ತು. ಬೀಜ ಹಸನು ಮಾಡುವ ಹೆಣ್ಣುಮಕ್ಕಳ ಹಿರಿಯಳು ಚೌಡಕ್ಕ ಮೊರ ಹಿಡಿದುಕೊಂಡೇ ಬಂದಳು.

“ಅಮ್ಮನ ಒಪ್ಪಿಗಿ ತಾನೇ? ಅದಕ್ಯಾಕ ಬೆಂಗ್ಳೂರಿಗೆ ಫೋನು? ಹೂವು ಕೇಳಿದ್ರಾತು.”

ಎಲ್ಲರೂ ಕಟ್ಟೆಯ ಮುಂದೆ ಕೈ ಮುಗಿದು ನಿಂತರು. ಅಮ್ಮನ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ ಚೌಡಕ್ಕ ಬೇಡಿಕೊಂಡಳು: “ತಾಯಿ, ಗಂಗಾಧರಪ್ಪಗ ಮ್ಯಾನೇಜರ್ಕಿ ಬಿಟ್ಟುಕೊಡ್ತೀಯಂದ್ರ ಬಲಕ್ಕ ಕೊಡು, ಇಲ್ಲಂದ್ರ ಎಡಕ್ಕ.”

ಹೂವು ಎಡಕ್ಕೆ ಬಿತ್ತು.

“ಇನ್ನೊಮ್ಮಿ ಕೇಳವಾ,” ಎಂದರು ಗಂಗಾಧರಪ್ಪ, ಸಣ್ಣ ದನಿಯಲ್ಲಿ.

ಎರಡನೆಯ ಸಲವೂ ಎಡಕ್ಕೇ ಬಿದ್ದು, ಉರುಳಿ ಅವರ ಕಾಲ ಬಳಿ ಬಂದು ನಿಂತಿತು. ಲಾರಿ ಡ್ರೈವರ್ ಬೊಮ್ಮಯ್ಯ ಮೀಸೆಯೊಳಗೇ ನಕ್ಕ. “ಅಮ್ಮ ಚಾರ್ಜು ಬಿಟ್ಟುಕೊಡಂಗಿಲ್ಲ ಬಿಡ್ರಿ ಸಾಹೇಬ್ರ.”

ಗಂಗಾಧರಪ್ಪ ಮೌನೇಶನನ್ನು ಪಕ್ಕಕ್ಕೆ ಕರೆದರು. “ಎಲ್ಲಾರ್ದೂ ಮೀಟಿಂಗ್ ಆತು ಅಂತ ಸುಮ್ನ ಒತ್ತಿಬಿಡು.”

ಬೊಮ್ಮಯ್ಯನ ಕಿವಿ ಚುರುಕು. “ಅಮ್ಮನ ಕೂಡ ಮಾತಾಡದ, ಮಾತಾಡೀವಿ ಅಂತ ಸುಳ್ಳು ಒತ್ತಾದಾ? ನಾಳಿ ನಾ ಹರಪನಹಳ್ಳಿ ತನಕ ಲಾರಿ ಹೊಡೀಬೇಕ್ರಿ!”

ಹನ್ನೊಂದಕ್ಕೆ ಸರಿಯಾಗಿ ಬೊಮ್ಮಯ್ಯ ಕಾಲು ತೊಳೆದುಕೊಂಡು ಕಟ್ಟೆ ಹತ್ತಿದ.

ಅವನ ಹಿಂದೆ ಹಮಾಲಿ ಗಾದೆಪ್ಪನ ಸರದಿ. ಅವನು ಇಬ್ಬರನ್ನು ಜೊತೆಗೆ ಕರೆತಂದಿದ್ದ.

“ಒಬ್ನ ಬರಬೇಕಲೇ!” ಎಂದಳು ಚೌಡಕ್ಕ.

“ಒಬ್ನ ಹೆಂಗ್ ಹೋಗ್ಲಿ ಯಕ್ಕಾ? ಯಾವ ಮಾತಾದ್ರೂ ನಾಕು ಮಂದಿ ಮುಂದ ಆಗ್ಬೇಕಲ್ಲ? ನಂಗ ಮಾತು ತೊದಲ್ತಾವು. ಇವ್ರು ನನ್ನ ಪರವಾಗಿ ಹೇಳ್ತಾರ.”

“ಅಮ್ಮನ ಮುಂದ ವಕೀಲ್ರು ಬ್ಯಾಡ. ತೊದಲಿದ್ರೂ ಆಕಿಗೆ ತಿಳಿತೈತಿ. ನಡಿ.”

ಗಾದೆಪ್ಪ ಹೋದ. ಕಾಲು ತಾಸಾದರೂ ಎದ್ದು ಬರಲಿಲ್ಲ. ತೊದಲುವವನಲ್ಲಿ ಅಷ್ಟು ಮಾತು ಎಲ್ಲಿತ್ತೋ! ಇಳಿದು ಬಂದಾಗ ಅವನ ಮುಖ ತೊಳೆದಿಟ್ಟ ಹಿತ್ತಾಳೆಯ ತಾಬಾಣದ ಹಾಗೆ ಹೊಳೆಯುತ್ತಿತ್ತು. “ಮೂಟಿ ಹೊತ್ತು ಹೊತ್ತು ಬೆನ್ನು ನೋಯ್ತೈತಿ ಅಂತ ಹೇಳ್ದೆ. ಇಷ್ಟು ವರ್ಷಕ್ಕ ಇವತ್ತ ಹೇಳಿದ್ದು,” ಎಂದವನೇ ಕೆಲಸಕ್ಕೆ ಹೋದ.

ಮಾತು ಮುಗಿಸಿ ಬಂದ ಪ್ರತಿಯೊಬ್ಬರನ್ನೂ ಸಾಫ್ಟ್‌ವೇರ್ ಕೆಲವು ಪ್ರಶ್ನೆ ಕೇಳುತ್ತಿತ್ತು. ಮೌನೇಶ ಓದುವನು, ಅವರು ಹೇಳುವರು, ಅವನು ಒತ್ತುವನು. ಅವನು ಊಟಕ್ಕೂ ಏಳಲಿಲ್ಲ.

“ಮ್ಯಾನೇಜರು ನಿಮ್ಮ ಮಾತು ಪೂರ್ತಿ ಕೇಳಿದರೇ?”

“ಕೇಳಿದ್ಲು.”

“ನಡುವೆ ಬಾಯಿ ಹಾಕಿದರೇ?”

“ಶಿವಶಿವಾ, ಇಲ್ಲ.”

“ನೀವು ಹೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕುವರೆಂಬ ಭಯ ಇದೆಯೇ?”

“ನಮ್ಮವ್ವನ ಹಂತ್ಯಾಕೂ ಹೇಳಂಗಿಲ್ಲ ಆಕಿ!”

ಗೋದಾಮಿನಲ್ಲಿ ಆ ಮಧ್ಯಾಹ್ನ ಯಾರೂ ಯಾರ ಮೇಲೂ ರೇಗಲಿಲ್ಲ. ಮೊರದ ಸದ್ದು ಕೂಡ ಹಾಡಿನಂತೆ ಒಂದೇ ಲಯದಲ್ಲಿ ಬರುತ್ತಿತ್ತು. ಕಲ್ಲಿನ ಆ ಪುಟ್ಟ ಮೂರ್ತಿ ಒಂದು ಮಾತೂ ಆಡದೆ ಕಂಪನಿ ನಡೆಸುತ್ತಿರುವುದನ್ನು ಕಂಡು ಮೌನೇಶನಿಗೆ ಕಣ್ಣು ತುಂಬಿ ಬಂತು.

ನಾಲ್ಕಕ್ಕೆ ಗಂಗಾಧರಪ್ಪ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದರು. ಎರಡು ನಿಮಿಷದಲ್ಲಿ ಇಳಿದಾರು ಎಂದು ಎಲ್ಲರೂ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಅವರು ಬಹಳ ಹೊತ್ತು ಕೂತಿದ್ದರು. ಮೊದಮೊದಲು ಮಾತಾಡಿದರು, ಆಮೇಲೆ ಕಣ್ಣು ಮುಚ್ಚಿ ಕೈ ಮುಗಿದರು. ಇಳಿದು ಬಂದು ಪ್ರಶ್ನೆಗಳಿಗೆ ತಾವೂ ಎಲ್ಲರಂತೆಯೇ ಉತ್ತರ ಹೇಳಿದರು.

ಐದೂವರೆಗೆ ಹೆಡ್ಡಾಫೀಸಿನ ಫೋನು ಬಂತು. ಎಲ್ಲರಿಗೂ ಕೇಳಲೆಂದು ಮೌನೇಶ ಸ್ಪೀಕರ್ ಒತ್ತಿದ.

“ಕಂಗ್ರಾಜುಲೇಶನ್ಸ್! ಎಲ್ಲ ಬ್ರಾಂಚುಗಳಲ್ಲಿ ನಿಮ್ಮದೇ ಫಸ್ಟು,” ಮೇಡಂ ಉಬ್ಬಿ ಹೋಗಿದ್ದರು. “ದುರ್ಗಾದೇವಿ ಮೇಡಂ ಬಗ್ಗೆ ಒಂದೇ ಒಂದು ಕಂಪ್ಲೇಂಟ್ ಇಲ್ಲ! ಪರ್ಮನೆಂಟ್ ಲಿಸ್ಟಲ್ಲಿ ಹೆಸರಿಲ್ಲ, ಇಂಥವರು ಇನ್ನೂ ಟೆಂಪರರಿ ಅಂತ ತೋರಿಸ್ತಿದೆ, ನಮಗೇ ನಾಚಿಕೆ ಆಯ್ತು. ನಿಮಗೆ ಈ ವರ್ಷ ಇದ್ದದ್ದು ಒಂದೇ ಪರ್ಮನೆಂಟ್ ಪೋಸ್ಟು. ಅದನ್ನ ಅವರಿಗೇ ಕೊಟ್ಟಿದೀವಿ.”

ಎಲ್ಲರೂ ಮೌನೇಶನ ಕಡೆ ತಿರುಗಿದರು.

“ಮೇಡಂ, ಮೌನೇಶ್ ಅಂತ ಒಬ್ರು…” ಎಂದ ಮೌನೇಶ, ಬೇರೆ ಯಾರದೋ ಸುದ್ದಿ ಕೇಳುವವನಂತೆ.

“ಅವರಾ? ಇಡೀ ಯೂನಿಟ್ಟಲ್ಲಿ ಮೀಟಿಂಗ್ ಮಾಡದೇ ಇರೋರು ಅವರೊಬ್ಬರೇ. ಅಷ್ಟೂ ಆಸಕ್ತಿ ಇಲ್ಲ ಅಂದ್ರೆ ಹೇಗೆ? ಅವರದ್ದು ಮುಂದಿನ ವರ್ಷ ನೋಡೋಣ.”

ಫೋನು ಇಟ್ಟಾಯಿತು. ಬೊಮ್ಮಯ್ಯ ಮೆಲ್ಲಗೆ ಕೆಮ್ಮಿದ. “ಅಮ್ಮ ಇಲ್ಲಿ ಪರ್ಮನೆಂಟ್ ಆಗಿ ನಮ್ಮಜ್ಜನ ಕಾಲ ಆತು. ಅದಕ್ಕ ಬೆಂಗ್ಳೂರ್ನ್ಯಾಗ ಆರ್ಡರ್ ಬೇಕಿತ್ತಾ?” ಯಾರೂ ನಗಲಿಲ್ಲ. ಚೌಡಕ್ಕ ಅವನ ತೋಳು ಹಿಡಿದು ಹೊರಗೆಳೆದುಕೊಂಡು ಹೋದಳು.

ಎಲ್ಲರೂ ಮನೆಗೆ ಹೋದ ಮೇಲೂ ಮೌನೇಶ ಕಟ್ಟೆಯ ಮೆಟ್ಟಿಲ ಮೇಲೆ ಕೂತಿದ್ದ. ಎಲ್ಲರ ಉತ್ತರ ಒತ್ತುತ್ತ ತನ್ನ ಸರದಿಯನ್ನೇ ಮರೆತಿದ್ದ. ಇಟ್ಟಿಗಿಯ ಮಾವನಿಗೆ ಏನೆಂದು ಹೇಳುವುದು? ಅಮ್ಮನ ಮೇಲೆ ಸಿಟ್ಟಾಗಲು ನೋಡಿದ, ಆಗಲಿಲ್ಲ. ಯೋಗ್ಯರಿಗೇ ಸಿಕ್ಕಿದೆ ಎಂದು ಅವನ ಮನಸ್ಸೇ ಹೇಳುತ್ತಿತ್ತು.

ಗಂಗಾಧರಪ್ಪ ಎದುರಿನ ಅಂಗಡಿಯಿಂದ ಎರಡು ಕೈಯಲ್ಲಿ ಎರಡು ಚಹಾ ಹಿಡಿದು ಬಂದರು. ಒಂದನ್ನು ಅವನಿಗೆ ಕೊಟ್ಟು, ಅವನ ಪಕ್ಕದಲ್ಲಿ, ಅದೇ ಮೆಟ್ಟಿಲ ಮೇಲೆ ಕೂತರು.

“ಮೂರು ವರ್ಷದಿಂದ ನಿಂದೊಂದು ಕಾಲು ತಾಸು ನನ್ನ ಕಡಿ ಉಳದೈತಿ, ಮೌನೇಶ,” ಎಂದರು. “ಹೇಳಪ್ಪ.”

ಹೇಳಿ, ಅವನ ಕಡೆ ತಿರುಗಿ, ಅಮ್ಮನ ಹಾಗೆ ಕೇಳತೊಡಗಿದರು.