ನಮ್ಮ ಡಾಕ್ಟ್ರ ಮೊಟ್ಟೆ ಪಾಠ

ಹೆರಿಗೆ ಆಸ್ಪತ್ರೆಯ ನರ್ಸು ನಗಲಿಕ್ಕೆ ಬೇರೆ ಕಡೆ ಹೋಗಬೇಕೆಂದಿಲ್ಲ. ನಗು ತಾನೇ ಚೀಟಿ ಮಾಡಿಸಿಕೊಂಡು ಒಳಗೆ ಬರುತ್ತದೆ.

ಎಂಬತ್ತರ ದಶಕದ ಕೊನೆಗೆ ನಾನು ಬಿಜೈಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ನಮ್ಮ ಲೇಡಿ ಡಾಕ್ಟ್ರು ಬೊಂಬಾಯಿಯ ಸಮ್ಮೇಳನಕ್ಕೆ ಹೋಗಿ ಬಂದರು. ಹೆಂಗಸರ ಅಂಡಾಣುವನ್ನು ಹೆಪ್ಪುಗಟ್ಟಿಸಿ ಇಟ್ಟು, ಬೇಕಾದಾಗ ಕರಗಿಸಿ ಮಗು ಪಡೆಯುವ ವಿದ್ಯೆ ಹೊರದೇಶದಲ್ಲಿ ಆಗಷ್ಟೇ ಕಣ್ಣು ಬಿಟ್ಟಿತ್ತು. ನಮ್ಮಲ್ಲಿ ಅದರ ಒಂದು ಬೋಲ್ಟೂ ಇರಲಿಲ್ಲ. ಆದರೂ ಡಾಕ್ಟ್ರಿಗೆ ಉಮೇದು, ಬಂದವರಿಗೆಲ್ಲ ಪಾಠ.

“ಎರಡು ವಿಧಾನ ಉಂಟು. ಒಂದರಲ್ಲಿ ಮೆಲ್ಲ ಮೆಲ್ಲ ತಣ್ಣಗೆ ಮಾಡುವುದು. ಇನ್ನೊಂದರಲ್ಲಿ ಮಂದ ದ್ರಾವಣದಲ್ಲಿ ನೆನೆಸಿ, ಕೊರೆಯುವಷ್ಟು ತಣ್ಣಗಿನ ದ್ರವದಲ್ಲಿ ಒಮ್ಮೆಲೇ ಮುಳುಗಿಸುವುದು. ಒಳಗೆ ಐಸಿನ ಹರಳು ಕಟ್ಟಿದರೆ ಮೊಟ್ಟೆ ಹಾಳು!”

ಅಂಡಾಣು ಅಂದರೆ ಜನರಿಗೆ ತಿಳಿಯದೆಂದು ಅವರು ಮೊಟ್ಟೆ ಅನ್ನುತ್ತಿದ್ದರು. ಎಡವಟ್ಟಾದದ್ದು ಅಲ್ಲೇ.

ಊರ ಕೋಳಿ

ಶಕ್ತಿನಗರದ ಒಬ್ಬ ಅತ್ತೆ, ಮಕ್ಕಳಾಗದ ಸೊಸೆಯನ್ನು ಕರೆದುಕೊಂಡು ಬಂದಿದ್ದರು. ಡಾಕ್ಟ್ರು ಮಾತ್ರೆ ಬರೆದು, ಪಾಠವನ್ನೂ ಮಾಡಿ, “ಏನೇ ಆದರೂ ಮೊಟ್ಟೆ ಒಳ್ಳೇದಿರಬೇಕು” ಅಂತ ಮುಗಿಸಿದರು.

ಮರುವಾರ ಅತ್ತೆ ಒಂದು ಬುಟ್ಟಿ ತಂದು ಮೇಜಿನ ಮೇಲಿಟ್ಟರು. ಭತ್ತದ ಹೊಟ್ಟಿನೊಳಗೆ ಸಾಲಾಗಿ ಮೊಟ್ಟೆ.

“ಎಂತ ಅಮ್ಮ ಇದು?”

“ಅರ್ಧ ಮೆಲ್ಲ ತಣ್ಣಗೆ ಮಾಡಿ, ಅರ್ಧ ಒಮ್ಮೆಲೇ ಮುಳುಗಿಸಿ. ಯಾವುದು ಒಡೆಯುವುದಿಲ್ಲವೋ ಅದನ್ನು ಇವಳಿಗೆ ಕೊಡಿ. ಫಾರ್ಮಿನದ್ದಲ್ಲ ಡಾಕ್ಟ್ರೇ, ಊರ ಕೋಳಿಯದ್ದೇ!”

ಯಾವಾಗಲೂ ಅಳುಮೋರೆಯಲ್ಲಿರುತ್ತಿದ್ದ ಸೊಸೆ ಸೆರಗನ್ನು ಬಾಯಿಗೊತ್ತಿ ನಕ್ಕಳು. ಅವಳು ನಕ್ಕದ್ದು ನೋಡಿ ನನಗೂ ಜೀವ ಬಂತು. ಅಂದು ನಮಗೆಲ್ಲ ಆಮ್ಲೆಟ್. ವಿಧಾನ ಮಾತ್ರ ಒಂದೇ: ಬಿಸಿ ಎಣ್ಣೆ.

ದಕ್ಕೆಯ ಸಾಹುಕಾರರು

ಮೀನುದೋಣಿ ನಿಲ್ಲುವ ದಕ್ಕೆಯಲ್ಲಿ ಸಿಗಡಿ ವ್ಯಾಪಾರ ಮಾಡುವ ಒಬ್ಬರು ಬ್ಯಾರಿ ಸಾಹುಕಾರರು ಹೆಂಡತಿಯ ಜೊತೆ ಬಂದರು. ಪಾಠ ಶುರುವಾದ ಕೂಡಲೇ ಅವರ ಕಣ್ಣು ಅರಳಿತು.

“ಸರಿ ಡಾಕ್ಟ್ರೇ! ಮೆಲ್ಲ ಫ್ರೀಜ್ ಮಾಡಿದರೆ ಮೆತ್ತಗಾಗ್ತದೆ. ಒಮ್ಮೆಲೇ ಮಾಡಿದರೆ ಗಟ್ಟಿ ನಿಲ್ತದೆ.”

ಅಂತೂ ಅರ್ಥವಾದವರೊಬ್ಬರು ಸಿಕ್ಕಿದರೆಂದು ಡಾಕ್ಟ್ರು ಕುರ್ಚಿ ಮುಂದೆಳೆದುಕೊಂಡರು. “ನೋಡಿ ಸಿಸ್ಟರ್, ಇವರಿಗೆ ಎಷ್ಟು ಬೇಗ ಗೊತ್ತಾಯ್ತು! ಬೇರೆ ಎಂತಾದರೂ ಕೇಳಲಿಕ್ಕುಂಟಾ?”

“ಒಂದೇ ಒಂದು. ಒಂದು ಸಲಕ್ಕೆ ಎಷ್ಟು ಕಿಲೋ ಹಾಕ್ತೀರಿ?”

ಕುಲಶೇಖರದ ಗುಟ್ಟು

ಕುಲಶೇಖರದಲ್ಲಿ ಹೋಟೆಲಿಟ್ಟಿದ್ದ ಒಬ್ಬರ ಹೆಂಡತಿಗೆ ಅಂಡಾಶಯದಲ್ಲಿ ಗಡ್ಡೆ. ಮಕ್ಕಳಿನ್ನೂ ಆಗಿರಲಿಲ್ಲ. ಆಪರೇಷನ್ನಿನ ದಿನ ಆಕೆ ನನ್ನ ಕೈ ಹಿಡಿದುಕೊಂಡು, “ಎಲ್ಲವನ್ನೂ ತೆಗೆದುಬಿಡ್ತಾರಾ ಸಿಸ್ಟರ್?” ಅಂತ ಕೇಳಿದರು. ಆ ಕೈ ಬಿಡದೆಯೇ ನಾನು ಥಿಯೇಟರಿನ ಬಾಗಿಲವರೆಗೆ ಹೋದೆ.

ಗಂಡ ಡಾಕ್ಟ್ರನ್ನು ಬಾಗಿಲಲ್ಲೇ ತಡೆದರು. “ಮೊದಲು ಮೊಟ್ಟೆ ತೆಗೆದು ಫ್ರೀಜ್ ಮಾಡಿಡಿ. ಎರಡರಲ್ಲಿ ಯಾವ ವಿಧಾನವಾದರೂ ಅಡ್ಡಿಯಿಲ್ಲ.”

“ಅದು ನಮ್ಮಲ್ಲಿ ಇಲ್ಲ ಮಾರಾಯ್ರೇ. ನಾನು ಹೇಳಿದ್ದು ಹೊರದೇಶದ ಸುದ್ದಿ.”

ಅವರು ಡಾಕ್ಟ್ರನ್ನೇ ದಿಟ್ಟಿಸಿ ನೋಡಿ, ಏನೋ ಅರ್ಥವಾದವರ ಹಾಗೆ ನಿಧಾನಕ್ಕೆ ತಲೆಯಾಡಿಸಿ ಬೆಂಚಿನಲ್ಲಿ ಕೂತರು.

ಗಡ್ಡೆ ಒಂದೇ ಬದಿಯಲ್ಲಿತ್ತು, ಕೆಟ್ಟದ್ದೂ ಆಗಿರಲಿಲ್ಲ. ಇನ್ನೊಂದು ಬದಿಯ ಅಂಡಾಶಯ ಚೆನ್ನಾಗಿಯೇ ಇತ್ತು. ಡಾಕ್ಟ್ರು ಹೊರಗೆ ಬಂದು ಹಾಗೆಂದಾಗ ಆ ಮನುಷ್ಯ ಎಲ್ಲರೆದುರಿಗೇ ಅತ್ತುಬಿಟ್ಟರು. ಮುಂದಿನ ವರ್ಷ ಅದೇ ಆಸ್ಪತ್ರೆಯಲ್ಲಿ ಹೆರಿಗೆಯೂ ಆಯಿತು. ಹೆಣ್ಣು ಮಗು, ಕಟ್ಟಡ ನಡುಗುವ ಹಾಗೆ ಕಿರುಚುತ್ತಿತ್ತು.

ಬಟ್ಟೆಯಲ್ಲಿ ಸುತ್ತಿ ಅಪ್ಪನ ಕೈಗೆ ಕೊಟ್ಟೆ. ಅವರು ಮೆಲ್ಲ ಮಗುವಿನ ಪಾದ ಮುಟ್ಟಿದರು. ಆಗಷ್ಟೇ ಹುಟ್ಟಿದ ಮಕ್ಕಳ ಪಾದ ತಣ್ಣಗೇ ಇರುತ್ತದೆ. ಅವರು ಆಚೆ ಈಚೆ ನೋಡಿ, ಡಾಕ್ಟ್ರ ಕಿವಿಯ ಹತ್ತಿರ ಬಗ್ಗಿದರು.

“ಇಷ್ಟು ದಿನ ನಾನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಈಗಾದರೂ ಹೇಳಿ, ನೀವು ಗುಟ್ಟಾಗಿ ಇಟ್ಟದ್ದಲ್ವಾ? ಪಾದದಲ್ಲಿ ಐಸು ಇನ್ನೂ ಬಿಟ್ಟಿಲ್ಲ!”

ಡಾಕ್ಟ್ರು ನಕ್ಕು ನಕ್ಕು ಗೋಡೆಗೆ ಒರಗಿದರು.

“ಇಲ್ಲ ಮಾರಾಯ್ರೇ, ಇದು ಫ್ರೆಶ್!”